ಆಟದ ನಿಯಮಕ್ಕೆ ಒಡೆಯನುಂಟೆ? : ವಿಡಿಯೋ ಆಟಗಳ ಪೇಟೆಂಟುಗಳನ್ನು ಕುರಿತ ವಾದದ ಚರಿತ್ರೆ

ಒಂದು ಆಟವನ್ನು ಅದರ ಹಾಸು, ಕಾಯಿ, ಬಣ್ಣ, ಹೆಸರುಗಳಿಂದ ಬೇರ್ಪಡಿಸಿ ನೋಡಿದರೆ ಉಳಿಯುವುದು ಅದರ ನಿಯಮ. ಯಾವ ಸಂದರ್ಭದಲ್ಲಿ ಆಟಗಾರನು ಏನನ್ನು ಮಾಡಬಹುದು, ಮಾಡಿದರೆ ಏನಾಗುತ್ತದೆ, ಅದರಿಂದ ಮುಂದೆ ಅವನಿಗೆ ಯಾವ ದಾರಿ ತೆರೆಯುತ್ತದೆ ಎಂಬ ಏರ್ಪಾಡೇ ಆಟದ ಜೀವ. ಇಂದಿನ ವಿಡಿಯೋ ಆಟಗಳ ರಚಕರು ಇದನ್ನು 'ಗೇಮ್ ಮೆಕ್ಯಾನಿಕ್ಸ್' ಎಂದು ಕರೆಯುತ್ತಾರೆ. ನಾವು ಈ ಲೇಖನದಲ್ಲಿ 'ಆಟದ ಕ್ರಮ' ಎಂಬ ಮಾತನ್ನು ಅದೇ ಅರ್ಥದಲ್ಲಿ ಬಳಸುತ್ತೇವೆ. ಇಂಥ ಕ್ರಮವೊಂದನ್ನು ಮೊದಲು ಕಲ್ಪಿಸಿದವನು, ಯಂತ್ರವೊಂದನ್ನು ಕಂಡುಹಿಡಿದವನಂತೆ, ಇತರರು ಅದನ್ನು ಬಳಸದಂತೆ ಇಪ್ಪತ್ತು ವರ್ಷಗಳ ಕಾಲ ತಡೆಯಬಹುದೆ? ತಡೆಯುವುದು ನ್ಯಾಯವೆ? ಈ ಎರಡು ಪ್ರಶ್ನೆಗಳ ಸುತ್ತ ಸುಮಾರು ಐವತ್ತು ವರ್ಷಗಳಿಂದ ನಡೆದುಬಂದ ವಾದವನ್ನು ಇಲ್ಲಿ ಪರಿಶೀಲಿಸಲು ಪ್ರಯತ್ನಿಸಿದ್ದೇವೆ.

ಮೇಲುನೋಟಕ್ಕೆ ಇದು ನ್ಯಾಯವಾದಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತೋರಬಹುದು. ಆದರೆ ಇದರಲ್ಲಿ ಚರಿತ್ರಕಾರನ ಪಾಲೂ ಉಂಟು. ಹೊಸದು ಯಾವುದು, ಹಳೆಯದು ಯಾವುದು ಎಂಬುದು ತೀರ್ಮಾನವಾಗದೆ ಪೇಟೆಂಟು ನಿಲ್ಲುವಂತಿಲ್ಲ. ಆ ತೀರ್ಮಾನಕ್ಕೆ ಆಧಾರವಾಗತಕ್ಕದ್ದು ಆಟಗಳ ಚರಿತ್ರೆಯೇ. ಆ ಚರಿತ್ರೆ ಸರಿಯಾಗಿ ದಾಖಲಾಗದಿದ್ದ ಕಡೆಗಳಲ್ಲಿ ಎಲ್ಲರಿಗೂ ಸೇರಿದ ವಸ್ತು ಒಬ್ಬನ ಸ್ವತ್ತೆಂದು ಬರೆದುಕೊಳ್ಳಲ್ಪಟ್ಟ ಉದಾಹರಣೆಗಳು ದೊರೆಯುತ್ತವೆ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಟದ ಚಿತ್ರ, ಸಂಗೀತ, ಕಥೆ, ಗಣಕದ ಸಂಕೇತಪಾಠ ಇವುಗಳಿಗೆ ಗ್ರಂಥಸ್ವಾಮ್ಯದ ರಕ್ಷಣೆಯುಂಟು. ನಿಯಮಕ್ಕೆ ಆ ರಕ್ಷಣೆಯಿಲ್ಲ. 1879ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬೇಕರ್ ಮತ್ತು ಸೆಲ್ಡನ್ ಎಂಬವರ ಮೊಕದ್ದಮೆಯಲ್ಲಿ, ಲೆಕ್ಕ ಬರೆಯುವ ಪದ್ಧತಿಯನ್ನು ವಿವರಿಸುವ ಪುಸ್ತಕಕ್ಕೆ ಗ್ರಂಥಸ್ವಾಮ್ಯ ಸಲ್ಲುತ್ತದೆ, ಆ ಪದ್ಧತಿಗೇ ಸಲ್ಲುವುದಿಲ್ಲ ಎಂದು ತೀರ್ಪಿತ್ತಿತು. ಪದ್ಧತಿಯ ಮೇಲೆ ಹಕ್ಕು ಬೇಕಾದವನು ಪೇಟೆಂಟಿನ ಬಾಗಿಲನ್ನು ತಟ್ಟಬೇಕು. 2012ರಲ್ಲಿ ಟೆಟ್ರಿಸ್ ಆಟದ ಒಡೆಯರಿಗೂ ಜಿಯೋ ಎಂಬ ಕಂಪನಿಗೂ ನಡೆದ ವ್ಯಾಜ್ಯದಲ್ಲಿಯೂ ಇದೇ ಭೇದ ಕಂಡುಬರುತ್ತದೆ. ಬೀಳುವ ತುಂಡುಗಳನ್ನು ಸಾಲುಗೂಡಿಸುವ ನಿಯಮ ಯಾರ ಸ್ವತ್ತೂ ಅಲ್ಲವೆಂದೂ, ಆದರೆ ತುಂಡುಗಳ ರೂಪ ಮತ್ತು ಹಾಸಿನ ತೋರಿಕೆಯನ್ನು ನಕಲು ಮಾಡಿದ್ದು ತಪ್ಪೆಂದೂ ನ್ಯಾಯಾಲಯ ಹೇಳಿತು. ಹೀಗಿರಲಾಗಿ, ನಿಯಮದ ಮೇಲೆಯೇ ಹಕ್ಕು ಬಯಸುವವರಿಗೆ ಉಳಿದ ದಾರಿ ಪೇಟೆಂಟು ಒಂದೇ.

1. ಹಾಸಿನ ಆಟಗಳಿಂದ ಬಂದ ಪಾಠ

ಪೇಟೆಂಟು ಎಂಬುದು ಮೂಲತಃ ಒಂದು ಒಪ್ಪಂದ. 1474ರ ವೆನಿಸ್ ನಗರದ ಶಾಸನದಲ್ಲಿಯೂ, ಏಕಸ್ವಾಮ್ಯಗಳನ್ನು ಕುರಿತ 1624ರ ಇಂಗ್ಲೆಂಡಿನ ಕಾಯಿದೆಯಲ್ಲಿಯೂ ಇದರ ಬೇರುಗಳನ್ನು ಕಾಣಬಹುದು. ಹೊಸ ಸಾಧನವನ್ನು ನಾಡಿಗೆ ತಂದವನಿಗೆ ರಾಜ್ಯವು ನಿಯತ ಕಾಲದವರೆಗೆ ಏಕಸ್ವಾಮ್ಯವನ್ನು ಕೊಡುತ್ತದೆ. ಮುಂದೆ ಬೆಳೆದ ಪದ್ಧತಿಯಂತೆ, ಅವನು ತನ್ನ ವಿದ್ಯೆಯನ್ನು ಬಚ್ಚಿಡದೆ ಬರವಣಿಗೆಯಲ್ಲಿ ವಿವರಿಸುತ್ತಾನೆ. ಅವಧಿ ಮುಗಿದ ಮೇಲೆ ಆ ವಿದ್ಯೆ ಲೋಕದ ಸ್ವತ್ತಾಗುತ್ತದೆ. ಕೊಡುವುದು, ಕೊಳ್ಳುವುದು ಎರಡೂ ಇದ್ದರೇ ಒಪ್ಪಂದ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಮ್ಮ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಆಟಗಳಿಗೆ ಪೇಟೆಂಟು ಪಡೆಯುವ ಪದ್ಧತಿ ವಿಡಿಯೋ ಆಟಗಳಿಗಿಂತ ಹಳೆಯದು. ನಮ್ಮ ಪಗಡೆಯ ಕುಲಕ್ಕೆ ಸೇರಿದ ಪಚ್ಚೀಸಿ ಆಟವು ಕವಡೆಯ ಬದಲಿಗೆ ಘನಾಕಾರದ ದಾಳವನ್ನು ಪಡೆದು, 19ನೆಯ ಶತಮಾನದ ಕೊನೆಯ ದಶಕದಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರಿನಿಂದ ಪೇಟೆಂಟಾಯಿತು. ಕಾಯಿ ಹಾಸನ್ನು ಸುತ್ತಿ ಹಣ್ಣಾಗುವುದು, ಎದುರಾಳಿಯ ಕಾಯಿಯನ್ನು ಹೊಡೆದು ಮೊದಲಿನ ಮನೆಗೆ ಅಟ್ಟುವುದು ಇವೆಲ್ಲ ಭಾರತದಲ್ಲಿ ಶತಮಾನಗಳಿಂದ ಆಡುತ್ತ ಬಂದ ಕ್ರಮಗಳೇ. ಅವನ್ನು ಕಲ್ಪಿಸಿದವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ.

ಇದಕ್ಕಿಂತಲೂ ಬೋಧಪ್ರದವಾದುದು ಮೊನಾಪಲಿ ಆಟದ ಕಥೆ. 1904ರ ಜನವರಿ 5ರಂದು ಲಿಜ್ಜೀ ಮ್ಯಾಗಿ ಎಂಬ ಅಮೆರಿಕದ ಮಹಿಳೆ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ತನ್ನ ಆಟಕ್ಕೆ ಪೇಟೆಂಟು ಪಡೆದಳು. ಜಮೀನಿನ ಒಡೆತನ ಕೆಲವರಲ್ಲಿ ಸೇರಿಕೊಂಡರೆ ಉಳಿದವರು ಹೇಗೆ ದಿವಾಳಿಯಾಗುತ್ತಾರೆಂಬುದನ್ನು, ಹೆನ್ರಿ ಜಾರ್ಜನ ಅರ್ಥತತ್ತ್ವವನ್ನನುಸರಿಸಿ, ಆಟದ ಮೂಲಕ ಕಲಿಸುವುದು ಅವಳ ಉದ್ದೇಶವಾಗಿತ್ತು. ಆಟ ಕೈಯಿಂದ ಕೈಗೆ ಹರಡಿತು; ಜನರು ಮನೆಗಳಲ್ಲಿಯೇ ಹಾಸು ಬರೆದು, ತಮ್ಮ ಊರಿನ ಬೀದಿಗಳ ಹೆಸರಿಟ್ಟು, ನಿಯಮಗಳನ್ನು ತಿದ್ದಿಕೊಂಡು ಆಡಿದರು. ಹೀಗೆ ಬೆಳೆದ ಆಟವನ್ನು ಕಲಿತ ಚಾರ್ಲ್ಸ್ ಡ್ಯಾರೋ ಎಂಬವನು ಅದನ್ನು ತನ್ನದೆಂದು ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದನು. 1935ರ ಡಿಸೆಂಬರ್ 31ರಂದು ಅವನ ಹೆಸರಿನಲ್ಲಿ ಪೇಟೆಂಟು ಹೊರಬಿತ್ತು. ಅದೇ ವರ್ಷ ಕಂಪನಿಯು ಮ್ಯಾಗಿಯ ಹಕ್ಕನ್ನು 500 ಡಾಲರುಗಳಿಗೆ ಕೊಂಡುಕೊಂಡಿತು. 1970ರ ದಶಕದಲ್ಲಿ ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕನು ತನ್ನ 'ಆಂಟಿ ಮೊನಾಪಲಿ' ಆಟವನ್ನು ಕುರಿತ ವ್ಯಾಜ್ಯದಲ್ಲಿ ಹಳೆಯ ಆಟಗಾರರನ್ನು ಹುಡುಕಿ ಅವರ ಸಾಕ್ಷ್ಯವನ್ನು ಸಂಗ್ರಹಿಸಿದಾಗ ಈ ಸಂಗತಿ ಮತ್ತೆ ಬೆಳಕಿಗೆ ಬಂದಿತು.

ಈ ಕಥೆಯಿಂದ ಎರಡು ಅಂಶಗಳು ತಿಳಿದುಬರುತ್ತವೆ. ಪೇಟೆಂಟು ಇದ್ದಮಾತ್ರಕ್ಕೆ ಮೊದಲ ಕಲ್ಪಕನಿಗೆ ಲಾಭವಾಗುವುದೆಂಬ ನಿಯಮವಿಲ್ಲ. ಕಾಲ ಮತ್ತು ಬಂಡವಾಳ ಯಾರ ಕಡೆಗಿವೆಯೋ ಅವರಿಗೆ ಅದು ಒಲಿಯುತ್ತದೆ. ಎರಡನೆಯದಾಗಿ, ಆಟ ಒಳ್ಳೆಯದಾದುದು ಅನೇಕರು ಅದನ್ನು ತಿದ್ದಿದ್ದರಿಂದ. ದಾಖಲೆಯಲ್ಲಿ ಮಾತ್ರ ಒಬ್ಬನ ಹೆಸರು ಉಳಿಯಿತು.

2. ವಿದ್ಯುನ್ಮಂಡಲದ ಕಾಲ

ವಿಡಿಯೋ ಆಟಗಳ ಮೊದಲ ಪೇಟೆಂಟುಗಳು ನಿಯಮಕ್ಕಾಗಿ ಹುಟ್ಟಿದವಲ್ಲ, ಯಂತ್ರಕ್ಕಾಗಿ ಹುಟ್ಟಿದವು. ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯಲ್ಲಿ ಎಂಜಿನಿಯರನಾಗಿದ್ದ ರಾಲ್ಫ್ ಬೇಯರ್, ಮನೆಯ ಟೆಲಿವಿಷನ್ನಿನ ತೆರೆಯ ಮೇಲೆ ಬೆಳಕಿನ ಚುಕ್ಕೆಗಳನ್ನು ಆಟಗಾರನ ಕೈಯಾರೆ ಚಲಿಸುವಂತೆ ಮಾಡುವ ವಿದ್ಯುನ್ಮಂಡಲವನ್ನು 1960ರ ದಶಕದ ಕೊನೆಯಲ್ಲಿ ರಚಿಸಿದನು. ಅವನ ಸಹೋದ್ಯೋಗಿ ವಿಲಿಯಂ ರಶ್ ಇದಕ್ಕೆ ಮುಖ್ಯವಾದ ಒಂದು ಅಂಶವನ್ನು ಸೇರಿಸಿದನು: ಆಟಗಾರನ ಚುಕ್ಕೆ ಯಂತ್ರದ ಚುಕ್ಕೆಗೆ ತಾಗಿದಾಗ ಎರಡನೆಯದರ ಚಲನೆ ಬದಲಾಗಬೇಕು. ಬ್ಯಾಟು ಚೆಂಡನ್ನು ಹೊಡೆಯುವುದೆಂದರೆ ಇದೇ. ಮ್ಯಾಗ್ನವಾಕ್ಸ್ ಕಂಪನಿ ಇದನ್ನು 1972ರಲ್ಲಿ 'ಒಡಿಸ್ಸಿ' ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಆ ವರ್ಷದ ಮೇ ತಿಂಗಳಲ್ಲಿ ಅದರ ಪ್ರದರ್ಶನವನ್ನು ನೋಲನ್ ಬುಶ್ನೆಲ್ ನೋಡಿದ್ದನು. ಅದೇ ವರ್ಷ ಅವನ ಅಟಾರಿ ಕಂಪನಿಯಿಂದ ಪಾಂಗ್ ಆಟ ಹೊರಬಂದಿತು. 1974ರಲ್ಲಿ ದಾವೆ ಹೂಡಲಾಯಿತು, 1976ರಲ್ಲಿ ಅಟಾರಿ ರಾಜಿಯಾಯಿತು, 1977ರಲ್ಲಿ ಷಿಕಾಗೋದ ನ್ಯಾಯಾಧೀಶ ಜಾನ್ ಗ್ರೇಡಿ ಉಳಿದ ಪ್ರತಿವಾದಿಗಳ ವಿರುದ್ಧ ತೀರ್ಪಿತ್ತು, ಬೇಯರನ ಪೇಟೆಂಟನ್ನು ಈ ಕಲೆಗೆ ದಾರಿ ತೆರೆದ ಪೇಟೆಂಟೆಂದು ಗಣಿಸಿದನು.

ಇಲ್ಲಿಯವರೆಗಿನ ಘಟನೆಗಳಲ್ಲಿ ವಿಶೇಷ ಆಕ್ಷೇಪಣೆಗೆ ಅವಕಾಶವಿಲ್ಲ. ಟೆಲಿವಿಷನ್ನಿನ ಸಂಜ್ಞೆಯನ್ನು ಆಟಕ್ಕೆ ಬಗ್ಗಿಸುವ ಮಂಡಲವನ್ನು ಹೇಗೆ ಕಟ್ಟಬೇಕೆಂಬುದು ತೆರೆಯನ್ನು ನೋಡಿದವನಿಗೆ ತಿಳಿಯುವಂಥದಲ್ಲ. ಪೇಟೆಂಟಿನ ಪತ್ರವನ್ನು ಓದಿದ ಎಂಜಿನಿಯರನು ಅದರಿಂದ ನಿಜವಾಗಿ ಕಲಿಯುತ್ತಿದ್ದನು. ಆದರೆ 1980ರ ದಶಕದಲ್ಲಿ ವಾದದ ಸ್ವರೂಪ ಬದಲಾಯಿತು. ಮೈಕ್ರೋಪ್ರೊಸೆಸರ್ ಬಂದ ಮೇಲೆ ಆಟಕ್ಕಾಗಿಯೇ ಪ್ರತ್ಯೇಕ ಮಂಡಲವನ್ನು ಕಟ್ಟುವ ಅಗತ್ಯ ಉಳಿಯಲಿಲ್ಲ. ಅದೇ ಕೆಲಸವನ್ನು ಸಂಕೇತಪಾಠ ಮಾಡುತ್ತಿತ್ತು. ಆದರೂ ಆ್ಯಕ್ಟಿವಿಷನ್ ಕಂಪನಿಯ ಮೇಲಿನ ಮೊಕದ್ದಮೆಯಲ್ಲಿ ಮ್ಯಾಗ್ನವಾಕ್ಸ್‌ಗೆ ಜಯ ದೊರೆತು, 1988ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಒಳಗಿನ ಯಂತ್ರ ಬೇರೆಯಾದರೂ ಹೊಡೆಯುವ, ಹೊಡೆಸಿಕೊಳ್ಳುವ ಕ್ರಮ ಒಂದೇ ಎಂದಾದಾಗ, ಪೇಟೆಂಟಿನ ತೂಕ ಯಂತ್ರದಿಂದ ಕ್ರಮದ ಕಡೆಗೆ ವಾಲಿತೆಂದು ನಾವು ತಿಳಿಯುತ್ತೇವೆ.

ಇದೇ ದಶಕದ ಮಧ್ಯದಲ್ಲಿ ನಿಂಟೆಂಡೊ ಕಂಪನಿಯು ಮ್ಯಾಗ್ನವಾಕ್ಸಿನ ಪೇಟೆಂಟುಗಳನ್ನು ಮುರಿಯಲು ನ್ಯಾಯಾಲಯಕ್ಕೆ ಹೋಯಿತು. 1958ರಲ್ಲಿ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಸಂದರ್ಶಕರ ವಿನೋದಕ್ಕಾಗಿ ಆಸಿಲೋಸ್ಕೋಪಿನ ಮೇಲೆ ಟೆನ್ನಿಸ್ ಆಟವನ್ನು ತೋರಿಸಿದ್ದನು. ಅವನು ಅದಕ್ಕೆ ಪೇಟೆಂಟು ಕೋರಿರಲಿಲ್ಲ. ಈ ಹಳೆಯ ಆಟವನ್ನು ನಿಂಟೆಂಡೊ ಸಾಕ್ಷ್ಯವಾಗಿ ಮುಂದಿಟ್ಟಿತು. ಆಸಿಲೋಸ್ಕೋಪಿನಲ್ಲಿ ವಿಡಿಯೋ ಸಂಜ್ಞೆಯಿಲ್ಲವೆಂಬ ಕಾರಣದಿಂದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹೊಡೆತದ ಕ್ರಮ ಹಳೆಯದೆಂದು ತೋರಿಸಬಂದವರಿಗೆ ಯಂತ್ರ ಬೇರೆಯೆಂಬ ಉತ್ತರ. ಯಂತ್ರ ಬೇರೆಯೆಂದು ವಾದಿಸಿದವರಿಗೆ ಕ್ರಮ ಒಂದೇ ಎಂಬ ಉತ್ತರ. ಎರಡು ತೀರ್ಪುಗಳಿಗೂ ಅವುಗಳದೇ ಆದ ಸಮರ್ಥನೆಯಿರಬಹುದು. ಆದರೆ ಪೇಟೆಂಟಿನ ವಸ್ತು ಯಂತ್ರವೋ ಕ್ರಮವೋ ಎಂಬ ಗೊಂದಲ ಆಗಲೇ ಬೇರೂರಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ಕ್ರಮವೇ ವಸ್ತುವಾದಾಗ

ಮುಂದಿನ ಕಾಲದ ಪೇಟೆಂಟುಗಳಲ್ಲಿ ಈ ಗೊಂದಲ ಒಂದು ಪದ್ಧತಿಯೇ ಆಯಿತು. 1997ರಲ್ಲಿ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಇಸ್ಪೀಟಿನಾಟದ ಕರ್ತೃ ರಿಚರ್ಡ್ ಗಾರ್ಫೀಲ್ಡನಿಗೆ ದೊರೆತ ಪೇಟೆಂಟಿನಲ್ಲಿ, ಬಳಸಿದ ಎಲೆಯನ್ನು ಅಡ್ಡಕ್ಕೆ ತಿರುಗಿಸಿ ಗುರುತು ಮಾಡುವ ಕ್ರಮವೂ ಸೇರಿತ್ತು. 1998ರಲ್ಲಿ ನಾಮ್ಕೋ ಕಂಪನಿಯು, ಮುಖ್ಯ ಆಟ ಯಂತ್ರದೊಳಕ್ಕೆ ತುಂಬಿಕೊಳ್ಳುವಷ್ಟು ಹೊತ್ತು ಆಟಗಾರನು ಇನ್ನೊಂದು ಚಿಕ್ಕ ಆಟವನ್ನು ಆಡುತ್ತಿರುವ ಏರ್ಪಾಡಿಗೆ ಅಮೆರಿಕದಲ್ಲಿ ಪೇಟೆಂಟು ಪಡೆಯಿತು. ಆದರೆ 1987ರಲ್ಲಿಯೇ ಕಮೊಡೋರ್ 64 ಗಣಕದ ಕ್ಯಾಸೆಟ್ಟುಗಳಲ್ಲಿ 'ಇನ್ವೇಡ್-ಎ-ಲೋಡ್' ಎಂಬ ಇಂಥದೇ ಚಿಕ್ಕ ಆಟವಿತ್ತು. ಹೀಗಿದ್ದೂ ನಾಮ್ಕೋದ ಪೇಟೆಂಟು 2015ರ ನವೆಂಬರಿನವರೆಗೆ ಬಾಳಿತು. ಅಷ್ಟರಲ್ಲಿ ಆಟಗಾರರು ಬರಿಯ ತೆರೆಯನ್ನು ನೋಡುತ್ತ ಕಾಯಬೇಕಾಗಿದ್ದ ಒಂದು ಯುಗವೇ ಬಹುಮಟ್ಟಿಗೆ ಕಳೆದುಹೋಗಿತ್ತು.

2001ರಲ್ಲಿ ಸೇಗಾ ಕಂಪನಿಗೆ, 'ಕ್ರೇಜಿ ಟ್ಯಾಕ್ಸಿ' ಆಟದಲ್ಲಿ ಕಾರಿನ ಮೇಲೆ ತೇಲುತ್ತ ದಾರಿ ತೋರಿಸುವ ಬಾಣ ಮೊದಲಾದವುಗಳಿಗೆ ಪೇಟೆಂಟು ದೊರೆಯಿತು. 2003ರಲ್ಲಿ 'ಸಿಂಪ್ಸನ್ಸ್: ರೋಡ್ ರೇಜ್' ಆಟದ ಮೇಲೆ ಸೇಗಾ ದಾವೆ ಹೂಡಿತು, ವಿಷಯ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. 2005ರಲ್ಲಿ ನಿಂಟೆಂಡೊಗೆ, 'ಎಟರ್ನಲ್ ಡಾರ್ಕ್‌ನೆಸ್' ಆಟದಲ್ಲಿ ಪಾತ್ರದ ಮನಸ್ಸಿನ ಸ್ವಾಸ್ಥ್ಯ ಕುಗ್ಗಿದಂತೆ ಆಟವೇ ಭ್ರಮೆಗಳನ್ನು ತೋರಿಸುವ ಕ್ರಮಕ್ಕೆ ಪೇಟೆಂಟು ದೊರೆಯಿತು. 2021ರ ಫೆಬ್ರವರಿಯಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯು 'ನೆಮೆಸಿಸ್' ವ್ಯವಸ್ಥೆಗೆ ಪೇಟೆಂಟು ಪಡೆಯಿತು. 2014ರ 'ಮಿಡ್ಲ್-ಅರ್ತ್: ಶ್ಯಾಡೋ ಆಫ್ ಮೊರ್ಡಾರ್' ಆಟದಲ್ಲಿ, ನಾಯಕನನ್ನು ಕೊಂದ ಶತ್ರು ಪದವಿಯಲ್ಲಿ ಮೇಲೇರಿ, ಮುಂದಿನ ಭೇಟಿಯಲ್ಲಿ ಹಿಂದಿನದನ್ನು ನೆನೆದು ಮಾತಾಡುವ ಏರ್ಪಾಡು ಅದು. ಅದನ್ನು ರಚಿಸಿದ ಮೊನೊಲಿತ್ ಎಂಬ ಶಾಖೆಯನ್ನು 2025ರ ಫೆಬ್ರವರಿಯಲ್ಲಿ ಮುಚ್ಚಲಾಯಿತು. ಅದೇ ವ್ಯವಸ್ಥೆಯನ್ನು ಬಳಸಬೇಕಾಗಿದ್ದ ಹೊಸ ಆಟವನ್ನು ಕೈಬಿಡಲಾಯಿತು. ರಚಕರ ಬಳಗ ಚದುರಿತು. ಪೇಟೆಂಟು ಮಾತ್ರ ಸಂಸ್ಥೆಯ ಕೈಯಲ್ಲಿ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಪೇಟೆಂಟಿನ ವ್ಯಾಪ್ತಿಯನ್ನು ನಿರ್ಧರಿಸುವುದು ಅದರ ಕೊನೆಯಲ್ಲಿರುವ ಹಕ್ಕುವಾಕ್ಯಗಳು. ಒಂದು ವಾಕ್ಯದಲ್ಲಿ ಹೇಳಿದ ಎಲ್ಲ ಅಂಶಗಳೂ ಇನ್ನೊಂದು ಆಟದಲ್ಲಿ ಇದ್ದರೆ ಮಾತ್ರ ಅದರ ಉಲ್ಲಂಘನೆಯಾಗುತ್ತದೆ. ಶತ್ರುವಿಗೆ ನೆನಪಿರುವುದೇ ಪೇಟೆಂಟಾಗಿದೆ, ಬಾಣವೇ ಪೇಟೆಂಟಾಗಿದೆ ಎಂಬ ಜನವಾರ್ತೆ ಆದಕಾರಣ ಪೂರ್ಣ ಸತ್ಯವಲ್ಲ. ಆದರೆ ಹಕ್ಕು ಚಿಕ್ಕದಾದರೂ ಭಯ ದೊಡ್ಡದಾಗಿರಬಹುದು. ಹತ್ತು ಮಂದಿಯ ಸಣ್ಣ ಬಳಗಕ್ಕೆ ಹಕ್ಕುವಾಕ್ಯದ ಅರ್ಥವನ್ನು ವಕೀಲರಿಂದ ತಿಳಿದುಕೊಳ್ಳುವುದಕ್ಕಿಂತ ಆ ದಾರಿಯನ್ನೇ ಬಿಟ್ಟು ನಡೆಯುವುದು ಅಗ್ಗ. ಹೀಗೆ ಹುಟ್ಟದೆ ಉಳಿದ ಆಟಗಳ ಲೆಕ್ಕ ಯಾವ ತೀರ್ಪಿನಲ್ಲಿಯೂ ಬರುವುದಿಲ್ಲ.

4. ಪಾಲ್‌ವರ್ಲ್ಡ್ ವ್ಯಾಜ್ಯ

ಈ ವಾದವನ್ನು ಸಾಮಾನ್ಯ ಆಟಗಾರರ ಬಾಯಿಗೂ ತಂದದ್ದು ಜಪಾನಿನ ಒಂದು ಮೊಕದ್ದಮೆ. ಪಾಕೆಟ್‌ಪೇರ್ ಎಂಬ ಚಿಕ್ಕ ಕಂಪನಿ 2024ರ ಜನವರಿಯಲ್ಲಿ 'ಪಾಲ್‌ವರ್ಲ್ಡ್' ಎಂಬ ಆಟವನ್ನು ಪ್ರಕಟಿಸಿತು. ಅದರ ಪ್ರಾಣಿಗಳು ಪೊಕೆಮಾನ್ ಪ್ರಾಣಿಗಳನ್ನು ಹೋಲುತ್ತವೆಂದು ಅನೇಕರು ಹೇಳಿದರು. ಆದರೆ 2024ರ ಸೆಪ್ಟೆಂಬರ್ 18ರಂದು ನಿಂಟೆಂಡೊ ಮತ್ತು ಪೊಕೆಮಾನ್ ಕಂಪನಿಗಳು ಟೋಕಿಯೋ ಜಿಲ್ಲಾ ನ್ಯಾಯಾಲಯದಲ್ಲಿ ಹೂಡಿದ ದಾವೆ ರೂಪದ ಹೋಲಿಕೆಯನ್ನು ಕುರಿತದ್ದಾಗಿರಲಿಲ್ಲ. ಕ್ರಮಗಳ ಮೇಲಿನ ಮೂರು ಪೇಟೆಂಟುಗಳನ್ನು ಕುರಿತದ್ದಾಗಿತ್ತು. ಗುರಿಯಿಟ್ಟು ಗೋಳವನ್ನೆಸೆದು ಪ್ರಾಣಿಯನ್ನು ಹಿಡಿಯುವುದು ಅಥವಾ ಹೊರಬಿಡುವುದು, ಸವಾರಿಯ ಪ್ರಾಣಿಗಳನ್ನು ತಡೆಯಿಲ್ಲದೆ ಬದಲಿಸುವುದು ಇವೇ ಅವುಗಳ ವಸ್ತು. ಕೇಳಿದ ಪರಿಹಾರದ ಹಣ ಒಟ್ಟು 1 ಕೋಟಿ ಯೆನ್ ಮಾತ್ರ. ಆದರೆ ಆಟದ ಮಾರಾಟಕ್ಕೆ ತಡೆಯಾಜ್ಞೆಯನ್ನೂ ಕೋರಲಾಗಿತ್ತು.

ಈ ಪೇಟೆಂಟುಗಳ ಕಾಲಕ್ರಮ ಗಮನಾರ್ಹವಾದುದು. ಮೂಲ ಅರ್ಜಿ 2021ರ ಡಿಸೆಂಬರಿನದು. ಅದರಿಂದ ಕವಲೊಡೆದ ವಿಭಾಗೀಯ ಅರ್ಜಿಗಳು ಸಲ್ಲಿಕೆಯಾದದ್ದು 2024ರಲ್ಲಿ, ಅಂದರೆ ಪಾಲ್‌ವರ್ಲ್ಡ್ ಹೊರಬಂದ ಮೇಲೆ. ಮೂಲ ಅರ್ಜಿಯಲ್ಲಿ ವಿವರಿಸಿದ್ದ ವಿಷಯಕ್ಕೆ ಹೊಸ ಹಕ್ಕುವಾಕ್ಯಗಳನ್ನು ಬರೆದು, ಹಳೆಯ ತಾರೀಖಿನ ಲಾಭವನ್ನೇ ಪಡೆಯಲು ಕಾನೂನು ಅವಕಾಶ ಕೊಡುತ್ತದೆ. ಇದರಲ್ಲಿ ಅಕ್ರಮವೇನೂ ಇಲ್ಲ. ಆದರೆ ಎದುರಾಳಿಯ ಆಟವನ್ನು ಮುಂದಿಟ್ಟುಕೊಂಡು ಬೇಲಿಯ ಅಳತೆಯನ್ನು ಗೊತ್ತುಮಾಡುವ ಈ ಸೌಲಭ್ಯ ಪೇಟೆಂಟಿನ ಮೂಲ ಒಪ್ಪಂದಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬ ಪ್ರಶ್ನೆ ಏಳದಿರದು.

ತೀರ್ಪು ಬರುವ ಮೊದಲೇ ಆಟ ಬದಲಾಯಿತು. 2024ರ ನವೆಂಬರಿನಲ್ಲಿ ಗೋಳವನ್ನೆಸೆದು ಪ್ರಾಣಿಯನ್ನು ಕರೆಯುವ ಕ್ರಮವನ್ನು ಪಾಕೆಟ್‌ಪೇರ್ ತೆಗೆದುಹಾಕಿತು. 2025ರ ಮೇ ತಿಂಗಳಲ್ಲಿ ಪ್ರಾಣಿಯನ್ನು ಹಿಡಿದು ಗಾಳಿಯಲ್ಲಿ ತೇಲುವ ಕ್ರಮವನ್ನು ಬದಲಿಸಿ, ಅದಕ್ಕೊಂದು ಪ್ರತ್ಯೇಕ ಸಾಧನವನ್ನಿಟ್ಟಿತು. ಇತ್ತ, 2025ರ ಅಕ್ಟೋಬರಿನಲ್ಲಿ ಜಪಾನಿನ ಪೇಟೆಂಟು ಕಚೇರಿಯು ಅದೇ ಕುಟುಂಬಕ್ಕೆ ಸೇರಿದ ಇನ್ನೊಂದು ಅರ್ಜಿಯಲ್ಲಿ ಹೊಸ ಕಲ್ಪನೆ ಕಾಣುವುದಿಲ್ಲವೆಂದು ನಿರಾಕರಣೆಯ ಕಾರಣಗಳನ್ನು ತಿಳಿಸಿತು. ಅದಕ್ಕೆ ಆಧಾರವಾಗಿ ಉಲ್ಲೇಖಿಸಿದವುಗಳಲ್ಲಿ 'ಆರ್ಕ್', 'ಮಾನ್‌ಸ್ಟರ್ ಹಂಟರ್ 4' ಮತ್ತು ಪಾಕೆಟ್‌ಪೇರಿನದೇ ಹಿಂದಿನ ಆಟವಾದ 'ಕ್ರಾಫ್ಟೋಪಿಯಾ' ಸೇರಿದ್ದವು. ಅಮೆರಿಕದಲ್ಲಿ 2025ರ ಸೆಪ್ಟೆಂಬರಿನಲ್ಲಿ, ಸಹಾಯಕ ಪಾತ್ರವನ್ನು ಕರೆದು ಹೋರಾಡಿಸುವ ಕ್ರಮಕ್ಕೆ ನಿಂಟೆಂಡೊಗೆ ಪೇಟೆಂಟು ದೊರೆತಿತ್ತು. ನವೆಂಬರಿನಲ್ಲಿ ಅಲ್ಲಿನ ಪೇಟೆಂಟು ಕಚೇರಿಯ ನಿರ್ದೇಶಕರೇ ಅದರ ಮರುಪರೀಕ್ಷೆಗೆ ಆದೇಶಿಸಿದರು. 1980ರ ದಶಕದಲ್ಲಿ ಹಳೆಯ ಆಟವೊಂದನ್ನು ಸಾಕ್ಷಿಗೆ ಕರೆದ ಕಂಪನಿಯ ಮುಂದೆಯೇ ಈಗ ಹಳೆಯ ಆಟಗಳು ಸಾಕ್ಷಿಯಾಗಿ ಬಂದು ನಿಂತವು.

5. ಉಭಯ ಪಕ್ಷಗಳ ವಾದ

ಪೇಟೆಂಟಿನ ಪಕ್ಷದವರು ಹೇಳುವ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಹೊಸ ಕ್ರಮವೊಂದನ್ನು ರೂಪಿಸಿ, ಪರೀಕ್ಷಿಸಿ, ಆಡಲು ತಕ್ಕುದಾಗಿ ಮಾಡುವುದಕ್ಕೆ ವರ್ಷಗಳ ದುಡಿಮೆಯೂ ಹೇರಳವಾದ ಹಣವೂ ಬೇಕು. ನಕಲು ಮಾಡುವವನಿಗೆ ಕೆಲವು ವಾರಗಳು ಸಾಕು. ಚಿಕ್ಕ ಬಳಗವೊಂದು ಕಲ್ಪಿಸಿದ ಕ್ರಮವನ್ನು ದೊಡ್ಡ ಕಂಪನಿ ಎತ್ತಿಕೊಂಡು ಹೆಚ್ಚಿನ ಜಾಹೀರಾತಿನೊಡನೆ ಮಾರಿದರೆ, ಗ್ರಂಥಸ್ವಾಮ್ಯ ಅದರ ನೆರವಿಗೆ ಬಾರದು. ಯಂತ್ರದ ಕಲ್ಪಕನಿಗೆ ಸಲ್ಲುವ ಮನ್ನಣೆ ಆಟದ ಕಲ್ಪಕನಿಗೆ ಏಕೆ ಸಲ್ಲಬಾರದು ಎಂಬುದು ಅವರ ಪ್ರಶ್ನೆ.

ಆದರೆ ನಾವು ಮೊದಲೇ ಹೇಳಿದ ಒಪ್ಪಂದದ ದೃಷ್ಟಿಯಿಂದ ಈ ಪ್ರಶ್ನೆಯನ್ನು ನೋಡಬೇಕು. ಕಲ್ಪಕನು ಲೋಕಕ್ಕೆ ಕೊಡುವುದೇನು? ತೆರೆಯ ಮುಂದೆ ನಡೆಯುವ ಕ್ರಮ, ಆಡಿದವನಿಗೆಲ್ಲ ತಾನಾಗಿಯೇ ತಿಳಿದುಹೋಗುತ್ತದೆ. ಬಾಣ ದಾರಿ ತೋರಿಸುತ್ತದೆ, ಶತ್ರು ಹಿಂದಿನದನ್ನು ನೆನೆಯುತ್ತಾನೆ, ಗೋಳವನ್ನೆಸೆದರೆ ಪ್ರಾಣಿ ಬರುತ್ತದೆ ಎಂಬುದನ್ನು ಕಲಿಯಲು ಪೇಟೆಂಟಿನ ಪತ್ರವನ್ನು ಯಾರೂ ಓದಬೇಕಾಗಿಲ್ಲ. ಆಟಗಾರನಿಂದ ಬಚ್ಚಿಟ್ಟ ನಿಯಮದಿಂದ ಆಟವೇ ನಡೆಯದು. ಆದುದರಿಂದ ಇಂಥ ಪೇಟೆಂಟಿನಲ್ಲಿ ರಾಜ್ಯ ಕೊಡುವುದುಂಟು, ಪಡೆಯುವುದು ಬಹು ಸ್ವಲ್ಪ. ತೆರೆಯ ಹಿಂದಿನ ವಿದ್ಯೆಯ ಸ್ಥಿತಿ ಬೇರೆ. ಬೇಯರನ ಮಂಡಲವಾಗಲಿ, ಪಾತ್ರದ ತುಟಿಯ ಚಲನೆಯನ್ನು ಮಾತಿಗೆ ಹೊಂದಿಸುವ ವಿಧಾನವಾಗಲಿ, ನೋಡಿದಮಾತ್ರಕ್ಕೆ ತಿಳಿಯುವಂಥದಲ್ಲ. 2016ರಲ್ಲಿ ಅಮೆರಿಕದ ಮೇಲ್ಮನವಿಯ ನ್ಯಾಯಾಲಯ ಇಂಥ ಭೇದವೊಂದನ್ನು ಸೂಚಿಸುವ ಎರಡು ತೀರ್ಪುಗಳನ್ನು ಕೊಟ್ಟಿತು. ಮ್ಯಾಕ್‌ರೋ ಎಂಬ ಸಂಸ್ಥೆಯ ತುಟಿಚಲನೆಯ ವಿಧಾನ ಪೇಟೆಂಟಿಗೆ ಅರ್ಹವೆಂದಿತು. ಬ್ಲ್ಯಾಕ್‌ಜ್ಯಾಕ್ ಇಸ್ಪೀಟಿನಾಟದ ಹೊಸ ನಿಯಮ, 2014ರ ಆಲಿಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಕಿಕೊಟ್ಟ ತತ್ತ್ವದಂತೆ ಬರಿಯ ಅಮೂರ್ತ ಕಲ್ಪನೆ, ಅದಕ್ಕೆ ಅರ್ಹತೆಯಿಲ್ಲವೆಂದಿತು. ನ್ಯಾಯಾಲಯದ ಮಾತುಗಳು ಬೇರೆ, ನಮ್ಮ ಮಾತುಗಳು ಬೇರೆ. ಫಲ ಮಾತ್ರ ಹೊಂದಿಕೊಳ್ಳುತ್ತದೆ.

ಈ ಅಳತೆಗೋಲಿಗೂ ಮಿತಿಯುಂಟು. ಮೂರು ಆಯಾಮಗಳ ದೃಶ್ಯದಲ್ಲಿ ನೆರಳನ್ನು ಗಣಿಸುವ ಒಂದು ವಿಧಾನವನ್ನು ಜಾನ್ ಕಾರ್ಮಾಕ್ ಎಂಬ ಪ್ರಸಿದ್ಧ ರಚಕನು ತಾನಾಗಿಯೇ ಕಂಡುಕೊಂಡಿದ್ದನು. ಆದರೆ ಅದಕ್ಕೆ ಕ್ರಿಯೇಟಿವ್ ಲ್ಯಾಬ್ಸ್ ಕಂಪನಿಯ ಪೇಟೆಂಟಿತ್ತು. 2004ರ 'ಡೂಮ್ 3' ಆಟಕ್ಕಾಗಿ ಅವನ ಸಂಸ್ಥೆ ಆ ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. 2011ರಲ್ಲಿ ಸಂಕೇತಪಾಠವನ್ನು ಸಾರ್ವಜನಿಕರಿಗೆ ಬಿಡುವಾಗ ಆ ಭಾಗವನ್ನು ಬದಲಿಸಿ ಬರೆಯಬೇಕಾಯಿತು. ಸ್ವತಂತ್ರವಾಗಿ ಕಂಡುಕೊಂಡವನಿಗೂ ಪೇಟೆಂಟು ಅಡ್ಡಬರುತ್ತದೆಂಬ ದೋಷ ತೆರೆಯ ಹಿಂದೆಯೂ ತಪ್ಪಿದ್ದಲ್ಲ. ಆದರೆ ಅಲ್ಲಿ ಲೋಕಕ್ಕೆ ಪ್ರತಿಫಲವಾಗಿ ಒಂದು ವಿದ್ಯೆಯಾದರೂ ದಾಖಲಾಗುತ್ತದೆ. ತೆರೆಯ ಮುಂದಿನ ಕ್ರಮದಲ್ಲಿ ಅದೂ ಇಲ್ಲ.

6. ನಮ್ಮ ದೇಶದ ಸ್ಥಿತಿ

1973ರ ಯೂರೋಪಿನ ಪೇಟೆಂಟು ಒಡಂಬಡಿಕೆಯು ಆಟವಾಡುವ ವಿಧಾನಗಳನ್ನು ಆವಿಷ್ಕಾರಗಳ ಪಟ್ಟಿಯಿಂದ ಹೊರಗಿಟ್ಟಿದೆ. ಭಾರತದ 1970ರ ಪೇಟೆಂಟು ಅಧಿನಿಯಮಕ್ಕೆ 2002ರಲ್ಲಿ ಮಾಡಿದ ತಿದ್ದುಪಡಿ 2003ರ ಮೇ 20ರಿಂದ ಜಾರಿಗೆ ಬಂದಿತು. ಅದರಂತೆ 3ನೆಯ ಪ್ರಕರಣದ (ಎಂ) ಉಪಖಂಡದಲ್ಲಿ, ಮಾನಸಿಕ ಕ್ರಿಯೆಯ ಬರಿಯ ಯೋಜನೆ ಅಥವಾ ನಿಯಮವೂ ಆಟವಾಡುವ ವಿಧಾನವೂ ಆವಿಷ್ಕಾರವಲ್ಲವೆಂದು ಹೇಳಿದೆ. ಅಕ್ಷರಶಃ ನೋಡಿದರೆ ವಾದ ಇಲ್ಲಿಗೆ ಮುಗಿಯಬೇಕು. ಆದರೆ ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆಂಬ ಗಾದೆ ಹಕ್ಕುವಾಕ್ಯಗಳ ರಚನೆಗೂ ಒಪ್ಪುತ್ತದೆ. 'ಆಟವಾಡುವ ವಿಧಾನ' ಎಂದು ಬರೆದರೆ ನಿರಾಕರಣೆಯಾಗಬಹುದಾದುದನ್ನು 'ಪ್ರೊಸೆಸರ್ ಮತ್ತು ಸ್ಮರಣಕೋಶಗಳಿಂದ ಕೂಡಿದ ಸಾಧನ' ಎಂದು ಬರೆಯುವ ಪದ್ಧತಿ ಎಲ್ಲೆಡೆಯೂ ಬೆಳೆದಿದೆ. ಅದುದರಿಂದ ಪರೀಕ್ಷಕನು ಸಾಧನದ ಹೆಸರನ್ನು ಬದಿಗಿಟ್ಟು, ಇದರಲ್ಲಿ ಹೊಸದು ಯಾವುದು, ಸಾಧನವೋ ಅದರ ಮೇಲಾಡುವ ನಿಯಮವೋ ಎಂದು ಕೇಳಬೇಕಾಗುತ್ತದೆ.

ಪೇಟೆಂಟಿನ ಅಧಿಕಾರ ಆಯಾ ದೇಶದ ಎಲ್ಲೆಯೊಳಗೆ ಮಾತ್ರ. ಆದರೂ ನಮ್ಮ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಸ್ಥಾಪಿತವಾದಂದಿನಿಂದ ಈ ನಗರದ ಕಲಾವಿದರೂ ಗಣಕತಜ್ಞರೂ ಪರದೇಶಗಳಲ್ಲಿ ಮಾರಾಟವಾಗುವ ಆಟಗಳಿಗಾಗಿ ದುಡಿಯುತ್ತ ಬಂದಿದ್ದಾರೆ. 2019ರಲ್ಲಿ ಆ ಸಂಸ್ಥೆ ರಾಕ್‌ಸ್ಟಾರ್ ಕಂಪನಿಗೆ ಸೇರಿತು. ಇಲ್ಲಿ ಕಲ್ಪಿಸಿದ ಆಟ ಅಮೆರಿಕ ಅಥವಾ ಜಪಾನಿನ ಅಂಗಡಿಯನ್ನು ಮುಟ್ಟಿದೊಡನೆ ಅಲ್ಲಿನ ಪೇಟೆಂಟುಗಳ ಎಲ್ಲೆಯೊಳಕ್ಕೆ ಕಾಲಿಡುತ್ತದೆ. ನಮ್ಮ ಕಾಯಿದೆಯ (ಎಂ) ಉಪಖಂಡ ಅಲ್ಲಿ ನೆರವಾಗದು. ನೆರವಾಗತಕ್ಕದ್ದು, ಈ ಕ್ರಮ ಹಿಂದೆಯೇ ಇತ್ತೆಂದು ತೋರಿಸುವ ದಾಖಲೆ.

ಈ ದೃಷ್ಟಿಯಿಂದ ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ನಿದರ್ಶನ ಸ್ಮರಣೀಯವಾಗಿದೆ. ಭಾರತದ ಮೊದಲ ಪೇಟೆಂಟು ಕಾಯಿದೆ 1856ರಲ್ಲಿ ಅವರ ಜೀವಿತಕಾಲದಲ್ಲಿಯೇ ಹೊರಟಿತು. ಹೊಸ ಆಟಗಳನ್ನು ಕಲ್ಪಿಸುವುದರಲ್ಲಿ ಆಸಕ್ತರಾಗಿದ್ದ ಅವರು ಅವುಗಳ ವಿವರಗಳನ್ನು ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಚಿತ್ರಸಮೇತ ಬರೆಯಿಸಿದರು. ಗಂಜೀಫಾ ಎಲೆಗಳ ಹಲವು ಬಗೆಗಳು ಇಂದಿಗೂ ನಮಗೆ ತಿಳಿದಿರುವುದು ಅದರಿಂದ. ಅರಸನಿಗೆ ಆಟದಿಂದ ಜೀವನೋಪಾಯ ನಡೆಯಬೇಕಾಗಿರಲಿಲ್ಲ. ಆದುದರಿಂದ ಇಂದಿನ ರಚಕರೂ ಹಾಗೆಯೇ ಮಾಡಲೆಂದು ಹೇಳುವುದು ನ್ಯಾಯವಲ್ಲ. ಆದರೆ ಕಲ್ಪಕನ ಹೆಸರು ಉಳಿಯುವುದಕ್ಕೆ ಇತರರನ್ನು ತಡೆಯುವುದು ಅನಿವಾರ್ಯವಲ್ಲವೆಂಬುದಕ್ಕೆ ಈ ಗ್ರಂಥ ಸಾಕ್ಷಿಯಾಗಿದೆ.

ಮೇಲಿನ ವಿವೇಚನೆಯಿಂದ ನಾವು ಮುಟ್ಟುವ ಅಭಿಪ್ರಾಯ ಇಷ್ಟು. ತೆರೆಯ ಹಿಂದಿನ ವಿದ್ಯೆಗೆ ಪೇಟೆಂಟು ಸಲ್ಲಬಹುದು. ತೆರೆಯ ಮುಂದಿನ ಕ್ರಮಕ್ಕೆ ಅದನ್ನು ಕೊಡುವುದು ಒಪ್ಪಂದದ ಒಂದು ಕೈಯನ್ನು ಬರಿದುಮಾಡುವುದು. ರೂಪ, ಹೆಸರು, ಸಂಕೇತಪಾಠಗಳ ನಕಲಿಗೆ ಬೇರೆ ಕಾನೂನುಗಳಿವೆ. ಅವುಗಳ ಬಲವನ್ನು ಹೆಚ್ಚಿಸುವುದರಿಂದ ಚಿಕ್ಕ ರಚಕರಿಗೆ ದೊರೆಯತಕ್ಕ ರಕ್ಷಣೆ ದೊರೆಯಬಹುದು. ಕಾನೂನು ಹೇಗಿದ್ದರೂ ಹಳೆಯ ಆಟಗಳ ದಾಖಲೆಯಿಲ್ಲದೆ ಯಾವ ಪರೀಕ್ಷಕನೂ ಹೊಸದನ್ನು ಗುರುತಿಸಲಾರನು. ಚೌಕಾಬಾರ, ಅಳಗುಳಿಮಣೆ ಮೊದಲಾದ ನಮ್ಮ ಆಟಗಳ ನಿಯಮಗಳು ಊರಿಂದ ಊರಿಗೆ ಹೇಗೆ ಬದಲಾಗುತ್ತವೆಂಬುದನ್ನು ಸ್ಥಳ, ಕಾಲ, ಆಡಿದವರ ಹೇಳಿಕೆಗಳೊಡನೆ ಬರೆದಿಡುವುದೂ, ನಮ್ಮಲ್ಲಿ ರಚಿತವಾದ ಗಣಕದ ಆಟಗಳ ಪ್ರತಿಗಳನ್ನು ಕೈಪಿಡಿಗಳ ಸಹಿತ ಗ್ರಂಥಾಲಯಗಳಲ್ಲಿ ಕಾಪಾಡುವುದೂ ಕಾಲೇಜುಗಳ ಚರಿತ್ರಾವಿಭಾಗಗಳು ಕೈಗೊಳ್ಳಬಹುದಾದ ಕೆಲಸ. ಅದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಆನ್ಸ್‌ಪಾಕನು ಹುಡುಕಿಹೋದಾಗ ಹಳೆಯ ಆಟಗಾರರಲ್ಲಿ ಕೆಲವರು ಇನ್ನೂ ಬದುಕಿದ್ದುದರಿಂದ ಮ್ಯಾಗಿಯ ಹೆಸರು ಚರಿತ್ರೆಗೆ ಮರಳಿತು. ನಮ್ಮಲ್ಲಿ ಆ ಆಟಗಳನ್ನು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆರಂಭವಾಗಬೇಕು.